ಹೆಬ್ಬೆಟ್ಟು ಬೇಡ

ಝುವಾರಿನಗರದ ಸಭಾಗೃಹ, ಸಂಜೆ ಆರೂವರೆ.
ಕಾಲು ಮುರಿದ ಕೇರಂ ಬೋರ್ಡಿನ ಮೇಲೆ
ಎಸ್ಪೆರಾನ್ಸಾ ಟೀಚರು ಹೃದಯದ ಚಾರ್ಟು ಹಾಸಿದರು.
ಅರ್ಧ ಕೆಂಪು, ಅರ್ಧ ನೀಲಿ.

ಕೈ ಎತ್ತಿದೆ. ಹನ್ನೊಂದು ವರ್ಷದಿಂದ
ವಾರ್ಡಿನ ನೆಲ ಒರೆಸುವವಳು ನಾನು,
ನೀಲಿ ರಕ್ತ ಒಮ್ಮೆಯೂ ಒರೆಸಿಲ್ಲ.
ಅವರು ನಕ್ಕರು. ಕೊಂಕಣಿ, ಹಿಂದಿ, ಮುರುಕು ಕನ್ನಡ ಕಲಸಿ ಹೇಳಿದರು:
ನೀಲಿ ಚಿತ್ರಕ್ಕೆ ಮಾತ್ರ, ಬೌರವ್ವ. ಒಳಗೆಲ್ಲ ಕೆಂಪೇ,
ಪ್ರಾಣವಾಯು ಕೊಟ್ಟು ಮರಳಿದ್ದು ಕಡುಗೆಂಪು, ಅಷ್ಟೆ.
ನೋಟ್‌ಬುಕ್ಕಿನ ಮೊದಲ ಸಾಲು:
ಚಿತ್ರ ಬೇರೆ, ಒಳಗು ಬೇರೆ.

ಮರುದಿನ ನಾಡಿ.
ಮೂರು ಬೆರಳು ಮಣಿಕಟ್ಟಿನ ಅಂಚಿಗೆ, ಹೂವಿನ ತೂಕದಲ್ಲಿ.
ಜೋರಾಗಿ ಒತ್ತಿದರೆ ನಿಲ್ಲುತ್ತದೆ, ಸಡಿಲ ಬಿಟ್ಟರೆ ಸಿಗುವುದಿಲ್ಲ,
ನಮ್ಮ ಓಣಿಯ ನಳದ ನೀರಿನ ಹಾಗೆ ಕಾದು ಹಿಡಿಯಬೇಕು.
"ಹೆಬ್ಬೆಟ್ಟು ಬೇಡ," ಎಂದರು ಟೀಚರು,
"ಅದಕ್ಕೆ ತನ್ನದೇ ನಾಡಿ ಇದೆ.
ರೋಗಿಯದೆಂದು ನಿನ್ನದನ್ನೇ ಎಣಿಸುತ್ತ ಕೂತಿರುತ್ತೀ."

ಹೆಬ್ಬೆಟ್ಟು ಬೇಡ!
ಸಾಲದ ಕಾಗದಕ್ಕೆ ಬೇಕಾಗಿದ್ದ ಬೆರಳು,
ಬ್ಯಾಂಕಿಗೆ, ರೇಷನ್ನಿಗೆ, ಆಧಾರಿಗೆ ಬೇಕಾಗಿದ್ದ ಬೆರಳು,
ಫಿನಾಯಿಲಿನಲ್ಲಿ ಗೆರೆ ಸವೆದು
ಯಂತ್ರ ಮೂರು ಸಲ ಒಲ್ಲೆನೆಂದ ಬೆರಳು.
ನನ್ನ ಹೆಸರೇ ಅದಾಗಿತ್ತು ಒಂದು ಕಾಲಕ್ಕೆ.
ಅದನ್ನು ಮಡಚಿ ಅಂಗೈಯಲ್ಲಿ ಮಲಗಿಸಿದೆ.

ರಾತ್ರಿ ಫಕ್ಕೀರಪ್ಪನ ಕೈ ಹಿಡಿದೆ.
ಬಂದರಿನ ಕಲ್ಲಿದ್ದಲು ಉಗುರಿನ ಸುತ್ತ ಇನ್ನೂ ಇತ್ತು.
ಹದಿನೈದು ಸೆಕೆಂಡಿಗೆ ಹತ್ತೊಂಬತ್ತು, ನಾಕರಿಂದ ಗುಣಿಸಿದರೆ ಎಪ್ಪತ್ತಾರು.
"ಏನ್ ಹುಡುಕಾಕತ್ತಿ?" ಅಂದ ನಿದ್ದೆಯಲ್ಲೇ.
ಬೇಕಂತಲೇ ಹೆಬ್ಬೆಟ್ಟಿಟ್ಟು ನೋಡಿದೆ:
ಎರಡು ನಾಡಿ ಬೆರೆತು ಲೆಕ್ಕವೇ ಸಿಗಲಿಲ್ಲ.
ಇಪ್ಪತ್ತೆರಡು ವರ್ಷದ ಜಗಳದಲ್ಲಿ
ಎಷ್ಟು ಸಲ ಹೀಗೆ ಎಣಿಸಿದ್ದೆನೋ.

ಗುರುವಾರ ಉಪ್ಪು.
ನೀರಿನಲ್ಲಿಟ್ಟ ಒಣದ್ರಾಕ್ಷಿ ಉಬ್ಬಿತು,
ಉಪ್ಪು ಹಚ್ಚಿದ ಸೌತೆಯ ಹೋಳು ಬೆವರಿತು.
ಇದನ್ನು ನಾವು ಬಲ್ಲೆವು, ಉಪ್ಪಿನಕಾಯಿ ಹಾಕಿದವರು,
ಬೈನಾದ ದಂಡೆಯಲ್ಲಿ ಬಂಗಡೆ ಒಣಗಿಸಿದವರು.
ಗೊತ್ತಿಲ್ಲದ್ದು ಮುಂದಿನದು:
ಕರುಳಿನ ಬಾಗಿಲಲ್ಲಿ ಸಕ್ಕರೆ ಉಪ್ಪಿನ ಕೈ ಹಿಡಿದು ಒಳಗೆ ಹೋಗುತ್ತದೆ,
ಅವೆರಡರ ಬೆನ್ನಿಗೆ ನೀರು.
ಕುದಿಸಿ ಆರಿಸಿದ ನೀರು ಒಂದು ಲೀಟರ್.
ಸಕ್ಕರೆ, ಸಣ್ಣ ಚಮಚದಲ್ಲಿ ಆರು, ಮಟ್ಟವಾಗಿ.
ಉಪ್ಪು ಅರ್ಧ.

ವೆರ್ಣಾದ ರಸ್ತೆ ಕೆಲಸ, ತಗಡಿನ ಶೆಡ್ಡು.
"ನೀರು ಕೊಡಬ್ಯಾಡ, ಇನ್ನಷ್ಟು ಹೊಕ್ಕಾವ," ಅಂದಿದ್ದಳು ಅತ್ತೆ.
ಪಾಪ, ಆಕೆಗೆ ಯಾರು ಹೇಳಿದ್ದರು.
ಕೂಸಿಗೆ ಆಗ ಹದಿನಾಲ್ಕು ತಿಂಗಳು.
ಒಲೆಯ ಪಕ್ಕದ ಡಬ್ಬಿಗಳಲ್ಲಿ
ಸಕ್ಕರೆ ಇತ್ತು. ಉಪ್ಪಿತ್ತು.
ಕೊಡದಲ್ಲಿ ನೀರಿತ್ತು.

ಆ ಪುಟದಲ್ಲಿ ಅಳತೆ ಬಿಟ್ಟು ಬೇರೇನೂ ಬರೆದಿಲ್ಲ.

ಕೊನೆಯ ದಿನ ಪರೀಕ್ಷೆ. ಟೀಚರು ತಮ್ಮ ಕೈಯನ್ನೇ ಮುಂದಿಟ್ಟರು.
ಎಣಿಸಿದೆ. ೧೦೪ ಎಂದು ಬರೆದೆ.
"ಈ ಅಂಕಿ ನನಗೆ ಓದಲು ಬಾರದು."
ಇಂಗ್ಲಿಷಿನಲ್ಲಿ ಬರೆದು ತೋರಿಸಿದೆ. ಅವರ ನಗು ಸಣ್ಣದಾಯಿತು.
"ಇನ್ನೊಮ್ಮೆ. ಪೂರ್ತಿ ನಿಮಿಷ."

ಗೋಡೆ ಗಡಿಯಾರದ ಮುಳ್ಳು ಸುತ್ತು ಹಾಕಿತು.
ಬೆರಳ ಕೆಳಗೆ ಯಾರೋ ಅವಸರದಲ್ಲಿ ಮೆಟ್ಟಿಲಿಳಿಯುತ್ತಿದ್ದರು,
ನಡುವೆ ಒಂದು ಮೆಟ್ಟಿಲು ತಪ್ಪಿ, ತಡೆದು, ಮತ್ತೆ ಓಡಿ.
ನೂರು ಅಂತ ಬರೆದರೆ ಅವರಿಗೂ ನೆಮ್ಮದಿ, ನನಗೂ ಪಾಸು.
ಆದರೆ ಅವರೇ ಕಲಿಸಿದ್ದು:
ಕಂಡದ್ದು ಬರಿ, ಬೇಕಾದ್ದಲ್ಲ.
ನೂರಾನಾಲ್ಕು. ಆರು ಸಲ ತಪ್ಪಿತು. ಅದನ್ನೂ ಬರೆದೆ.

ಹತ್ತಕ್ಕೆ ಹತ್ತು ಹಾಕಿ
ಮೆಲ್ಲಗೆ ತೋಳು ಕೆಳಗೆಳೆದುಕೊಂಡರು.

ಬಸ್ ಸ್ಟಾಪಿನಲ್ಲಿ ಇಬ್ಬರೇ. ಗಾಳಿಯಲ್ಲಿ ಕರಿ ಧೂಳು.
"ನಾಳೆ ಎಂಟಕ್ಕ ದವಾಖಾನಿಗೆ ಬರ್ರಿ ಟೀಚರ್," ಅಂದೆ,
"ಚೀಟಿ ನಾನು ಮಾಡಿಸಿ ಇಟ್ಟಿರ್ತೀನಿ."
ಅವರು ದೂರದ ಬಸ್ಸಿನ ದೀಪ ನೋಡುತ್ತಿದ್ದರು.
"ಬರೆಂ," ಅಂದರು, ಕೊಂಕಣಿಯಲ್ಲಿ.