ಅಳತೆ ಪುಸ್ತಕದ ಕೊನೆಯ ಹಾಳೆ

ಆಗಿನ್ನೂ ಹೆಂಗಸರಿಗೂ ಟಿಕೆಟ್ಟಿತ್ತು ಬಸ್ಸಿನಲ್ಲಿ.
ಕುಮಟೆಯಿಂದ ಕಾರವಾರಕ್ಕೆ ಹೊರಟಿದ್ದೆ,
ತೊಡೆಯ ಮೇಲೆ ಹೆಂಡತಿಯ ಎದೆಯ ಎಕ್ಸ್‌ರೇ,
ಮಡಚಬಾರದೆಂದು ಕೂಸಿನ ಹಾಗೆ ಹಿಡಿದು.
ಮಿರ್ಜಾನಿನಲ್ಲಿ ಹತ್ತಿದಳು ಬಳಚಿನ ಬುಟ್ಟಿಯವಳು.
ಬುಟ್ಟಿಯಿಂದ ತೊಟ್ಟಿಕ್ಕಿದ ಉಪ್ಪುಹೊಳೆ
ನನ್ನ ಚಪ್ಪಲಿಯ ತನಕ ಹರಿದು ನಿಂತಿತು.
ಮುಂದಿನ ಸೀಟಿನವರು ಮೂಗಿಗೆ ಕರವಸ್ತ್ರ ಹಿಡಿದರು,
ನಾನೂ ಕಿಟಕಿಯ ಕಡೆ ತಿರುಗಿದೆ, ಸುಳ್ಳೇಕೆ.

ಕಂಡಕ್ಟರು ಗದಗಿನ ಕಡೆಯವನು.
ನನಗೆ ಬರಬೇಕಾದ್ದು ನಲವತ್ತು, ಅವಳಿಗೆ ಅರವತ್ತು.
ನೂರರ ಒಂದೇ ನೋಟು ನನ್ನ ಕೈಗೆ ತುರುಕಿ
"ಚಿಲ್ಲರಿ ಇಲ್ರಿ, ಇಬ್ರೂ ಹಂಚ್ಕೋರಿ" ಅಂದು
ಮುಂದಕ್ಕೆ ಹೋದ,
ಗುರುತಿಲ್ಲದ ಇಬ್ಬರನ್ನು ಒಂದು ಕಾಗದಕ್ಕೆ ಹೊಲಿದು.

ಅಂಕೋಲೆ ಬಂತು. ಅವಳು ಇಳಿಯಬೇಕು.
ನನ್ನಲ್ಲಿ ಚಿಲ್ಲರೆಯಿಲ್ಲ, ಅವಳ ಎಲೆಯಡಿಕೆ ಸಂಚಿಯಲ್ಲಿ
ಹನ್ನೊಂದು ರೂಪಾಯಿ, ಒಂದು ಸೇಫ್ಟಿ ಪಿನ್ನು.
ನೋಟನ್ನೇ ಚಾಚಿದೆ, "ನೀವೇ ಇಟ್ಟುಕೊಳ್ಳಿ" ಎಂದೆ,
ಹೇಳುವಾಗಲೇ ಒಳಗೆ ನಲವತ್ತು ಮಿಡುಕಿತು.
ಅವಳು ನೋಟು ನೋಡಲಿಲ್ಲ, ಕವರು ನೋಡಿದಳು.
"ದೊಡ್ಡಾಸ್ಪತ್ರೆಗೋ?"
ಹೂಂ ಅಂದೆ.
"ಹಾಗಾದ್ರೆ ನಿಮ್ಮತ್ರೇ ಇರ್ಲಿ. ಅಲ್ಲಿ ನೀರಿಗೂ ಕಾಸು."
"ನಿಮ್ಮ ಅರವತ್ತು?"
"ಮುಂದೆ ಯಾವಾಗ್ಲಾದ್ರೂ ಸಿಕ್ದಾಗ."
ಸಿಂಬಿ ತಲೆಗಿಟ್ಟಳು, ಕೆಳಗೆ ನಿಂತ ಯಾರೋ ಬುಟ್ಟಿಗೆ ಕೈ ಕೊಟ್ಟರು,
ಬಸ್ಸು ಹೊರಟಿತು.

ಮುಖ ನೆನಪಿಲ್ಲ. ನಾನು ದರ್ಜಿ;
ನೆನಪಿರುವುದು ಎಡತೋಳಿನ ಹೊಲಿಗೆ:
ಕೆಂಪು ರವಿಕೆಗೆ ನೀಲಿ ದಾರ, ಕೈಯಲ್ಲೇ ಹಾಕಿದ್ದು,
ಓರೆ, ಆದರೆ ಗಟ್ಟಿ, ತುದಿಗೆ ಬಲೆಯವರ ಗಂಟು.

ಹೆಂಡತಿ ಗುಣವಾಗಿ ಬಂದಳು, ಅದು ಬೇರೆ ಕತೆ.
ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ:
ಬಳಚಿನವಳಿಗೆ ಕೊಡಬೇಕಾದ್ದು, ೬೦.

ಅವಳು ಸಿಗುವ ತನಕ ಸಿಕ್ಕವರಿಗೆ ತೀರಿಸೋಣವೆಂದು
ಹೆದ್ದಾರಿ ಕೆಲಸದ ಒಡಿಯಾ ಹುಡುಗನ ಹರಿದ ಜೇಬು
ಪುಕ್ಕಟೆ ಹೊಲಿದುಕೊಟ್ಟೆ, ಹತ್ತು ಕಳೆದೆ.
ಮರುದಿನ ಬಂದವನೇ ಗ್ರೀಸು ಮೆತ್ತಿದ ಕೈಯಿಂದ
ವರ್ಷದಿಂದ ಕಚ್ಚಿಕೊಂಡಿದ್ದ ನನ್ನಂಗಡಿಯ ಶಟರನ್ನು
ಸಲೀಸು ಮಾಡಿ, ಚಾ ಕೂಡ ಕುಡಿಯದೆ ಹೋದ.
ಇಪ್ಪತ್ತು ಕೂಡಿಸಿದೆ. ಕಮ್ಮಿಯೇ ಆಯಿತು.
ಶಾಲೆಯ ಹುಡುಗಿಗೆ ಒಂದು ಗುಂಡಿ, ಎರಡು ಕಳೆದೆ.
ಆಮೇಲೊಂದು ಸಂಜೆ ದೇವಿಮನೆ ಘಟ್ಟದಲ್ಲಿ
ಪೆಟ್ರೋಲು ಮುಗಿದ ಸ್ಕೂಟರು ತಳ್ಳುತ್ತಿರುವಾಗ
ಹಿಂದಿನಿಂದ ಬಂದವನೊಬ್ಬ ತನ್ನ ಬೈಕು ನಿಲ್ಲಿಸಿ
ಅರ್ಧ ಲೀಟರಿನ ಬಾಟಲಿ ತೆಗೆದುಕೊಟ್ಟ.
ಹೆಸರು ಕೇಳಿದರೆ ನಕ್ಕ. "ಬಾಟ್ಲಿ ಮಾತ್ರ ವಾಪಸ್ ಬೇಕು.
ಕೆಳಗಿನ ಮೋರಿ ಕಟ್ಟೆ ಮೇಲಿಟ್ಟು ಹೋಗಿ."
ಐವತ್ತು ಕೂಡಿಸಿದೆ.
ಮೂರನೆಯ ದಿನ ತುಂಬಿಸಿಯೇ ಇಟ್ಟುಬಂದೆ;
ಅವನಿಗೆ ಸಿಕ್ಕಿತೋ, ಆ ತಿರುವಿನಲ್ಲಿ ನಿಂತುಹೋದ
ಇನ್ನಾರದೋ ಗಾಡಿಗೆ ದಕ್ಕಿತೋ.
ಕಳೆಯಬೇಕೋ ಬೇಡವೋ ತಿಳಿಯದೆ ಅಲ್ಲಿ
ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ.

ಈಗ ಬಾಕಿ ನೂರ ಹದಿನೆಂಟು.
ಹೆಂಡತಿ ನಗುತ್ತಾಳೆ: "ಹೀಗೇ ತೀರಿಸ್ತಾ ಹೋದ್ರೆ
ಒಂದಿನ ಅಂಗಡಿ ಅಡವಿಡ್ಬೇಕು ನೀವು."

ಬಸ್ಸು ಹತ್ತಿದರೆ ಈಗಲೂ ಎಡತೋಳುಗಳನ್ನೇ ನೋಡುತ್ತೇನೆ,
ಒಮ್ಮೆ ಚೆನ್ನಾಗಿ ಬೈಸಿಕೊಂಡದ್ದೂ ಉಂಟು.
ಆ ರವಿಕೆ ಇಷ್ಟರಲ್ಲಿ ಒಲೆಬದಿಯ ಒರೆಸುಬಟ್ಟೆಯಾಗಿರಬಹುದು.
ಆದರೂ ಮಶಿನ್ನಿನ ಡ್ರಾದಲ್ಲಿ ಅದೇ ನೀಲಿಯ ಒಂದು ಉಂಡೆ ದಾರ;
ಪುಕ್ಕಟೆಯಾಗಿ ಹೊಲಿಯುವುದನ್ನೆಲ್ಲ ಅದರಲ್ಲೇ ಹೊಲಿಯುತ್ತೇನೆ.
ಬಿಳಿ ಅಂಗಿಗೆ ನೀಲಿಯೇಕೆಂದು
ಶಾಲೆಯ ಹುಡುಗಿ ಮುಖ ಸಿಂಡರಿಸಿದಳು.
ಒಡಿಯಾ ಹುಡುಗ ಏನೂ ಅನ್ನಲಿಲ್ಲ.
ಆ ಖಾಕಿ ಜೇಬು ಈಗ ಯಾವ ಊರಿನ ರಸ್ತೆಯ ಮೇಲಿದೆಯೋ.