ನಿದ್ದಿಗಲ್ಲದ ಗಾದಿ

ಮೊದಲನೇ ಬಾಣ ಗ್ವಾಡಿಗೆ ಬಡದು
ತುದಿ ಚಪ್ಪಟಿ ಆತು.
ಎರಡನೇದು ಗ್ವಾಡಿ ಹಾರಿ
ಅಂಬಾಸಾ ಕಾಕಾನ ನೀರಿನ ಡ್ರಮ್ಮಿಗೆ ತೂತು.
ಆತ ಬಾಣ ಹಿಡಕೊಂಡು ಬಂದ,
ಕೊಟ್ಟ, ಏನೂ ಅನ್ನದ ನಿಂತ.
ಬೈದಿದ್ರ ಚಲೋ ಇತ್ತು.

ಸಾಲಿ ಪಿ.ಟಿ. ಸರ್ ಕೊಟ್ಟ ಬಿದಿರ ಬಿಲ್ಲು,
ಆರು ಬಾಣದಾಗ ನೆಟ್ಟಗ ಉಳದದ್ದು ಐದು.
ನಗೀನಾ ನನ್ನ ಮಾರಿ ನೋಡಿದ್ಲು:
'ಅಪ್ಪಾ, ಊರಿಗೆಲ್ಲಾ ಗಾದಿ ಮಾಡ್ತೀ,
ಬಾಣಕ್ಕೊಂದು ಮಾಡು.'

ಮಾಡಿದ್ನಿ.
ಹತ್ತಿ ಹಿಂಜಿ, ಹಸನ ಮಾಡಿ,
ಮದವಿ ಗಾದಿಗೆ ತುಂಬಿದಂಗ ತುಂಬಿ,
ನಾಕೂ ಮೂಲಿ ಒತ್ತಿ ನೋಡಿ,
ದಬ್ಬಣದಿಂದ ಟಾಕಿ ಹಾಕಿ
ಬೇವಿನ ಗಿಡಕ್ಕ ಆನಿಸಿದ್ನಿ.
ಬಾಣ ಬಂತು.
ಸಲಿಗಿ ಬೀಗ ನಡಮನಿ ದಾಟಿ
ಸೀದಾ ಹಿತ್ತಲಕ್ಕ ಬಂದಂಗ
ಈ ಕಡೆ ಹೊಕ್ಕು ಆ ಕಡೆ ಹೊಂಟು
ಗಿಡದಾಗ ನಟ್ಟು ನಡಗತಿತ್ತು,
ಬಾಲಕ್ಕ ಒಂದು ಬಿಳೇ ಎಳಿ.

ನಮ್ಮದು ಹಿಂಜಾಕ ಕಲಿತ ಕೈ.
ಗಂಟು ಕಂಡ್ರ ಬಿಡಸತೈತಿ,
ಒತ್ತಿದ್ದಕ್ಕ ಗಾಳಿ ತುಂಬತೈತಿ.
ನನ್ನಪ್ಪ ಬುಡ್ನೇಸಾಬ
ಆಳುದ್ದ ಬಿಲ್ಲು ಹೆಗಲಿಗೇರಿಸಿ
ಬೆಟಗೇರಿಯಿಂದ ರೋಣ, ಮುಂಡರಗಿ ತಿರಗಿದಾವ.
ಹಳ್ಳಿ ಹುಡುಗ್ರು ಬೆನ್ನು ಹತ್ತಿ ಕೇಳತಿದ್ರಂತ:
'ಮುತ್ಯಾ, ಬಾಣ ಎಲ್ಲಿ?'
'ಮನ್ಯಾಗ ಮಕ್ಕೊಂಡೈತಿ, ಎಬ್ಬಸಬ್ಯಾಡ್ರಿ.'
ನರದ ಹೆದಿಗೆ ಕೊಡತಿ ಬಡದ್ರ
ಢುಂಯ್, ಢುಂಯ್,
ಕಲ್ಲಿನಂಥಾ ಹಳೇ ಹತ್ತಿ
ಮಂಜಾಗಿ ಏಳತಿತ್ತು.
ಮಷಿನ್ ಬಂತು. ಆ ಬಿಲ್ಲು ಈಗ
ಉಳ್ಳಾಗಡ್ಡಿ ಜೋತು ಬಿಡೋ ಗಳ.

ಬಾಣ ನಿಲ್ಲಸೋದು ಬ್ಯಾರೇನ ವಿದ್ಯಾ.
ಗಿಡಿದು ಗಿಡಿದು ತುಂಬಬೇಕು.
ಅಂಬಾಸಾ ಕಾಕಾನ ಒಂದು ಚೀಲ ತಂದು ಒಗದ:
ಮಗ್ಗದಾಗ ಹರದ ಎಳಿ, ಸೀರಿ ಅಂಚಿನ ತುಂಡು,
ಕೆಂಪು, ಪಚ್ಚಿ, ಗಿಳಿ ಹಸರು.
'ಡ್ರಮ್ಮು ಇನ್ನೊಂದೈತಿ, ಅದರ ಉಳೀಲಿ'
ಅಂದು ಹೋದ.
ಟೇಲರ್ ಮಾಬೂಬಿ ಕೊಟ್ಟ ಚಿಂದಿ,
ನಗೀನಾನ ಎರಡನೆತ್ತೆ ಯುನಿಫಾರ್ಮು,
ನನ್ನ ಎರಡು ಲುಂಗಿ,
ಎಲ್ಲಾ ಸಿಮೆಂಟ್ ಚೀಲದಾಗ ತುರುಕಿ
ಮ್ಯಾಲೆ ಹತ್ತಿ (ಈ ಹತ್ತಿ ಬ್ಯಾರೆ)
ತುಳದ್ನಿ. ಸಾಲಲಿಲ್ಲ.
ನಗೀನಾ ಹತ್ತಿದ್ಲು. ಸಾಲಲಿಲ್ಲ.
ಬೀಬಿಜಾನ ರೊಟ್ಟಿ ಹಿಟ್ಟಿನ ಕೈ ಒರಸಿಕೊಂತ ಬಂದು
'ಸರೀರಿ' ಅಂದು ಹತ್ತಿದ್ಲು.
ಆಗ ಬಿಡ್ತು ನೋಡ್ರಿ ಚೀಲ ಉಸುರು.

ಮುರದ ಮಂಚದ ಕಾಲು ನಿಲ್ಲಿಸಿ
ಸೈಕಲ್ ಟ್ಯೂಬಿಲೆ ಬಿಗದು
ಇದ್ದಲಿಲೆ ಒಂದು ಸುತ್ತು ಬರದ್ವಿ.
ಬಾಣ ಬಂತು. ಧಪ್.
ನಾಕು ಬಟ್ಟು ಒಳಗ, ಅಲ್ಲೇ ನಿಂತಿತು.
ಜೀವಮಾನದಾಗ ಇಷ್ಟು ಕೆಟ್ಟ ಗಾದಿ
ಮಾಡಿರಲಿಲ್ಲ ನಾ.
ಮಾಡಿ ಇಷ್ಟು ಹಿಗ್ಗಿರಲಿಲ್ಲ.

ಗುರಿ ತಪ್ಪಿದ ಬಾಣಕ್ಕ
ಹಿಂದ ನವಲಗುಂದದ ಹಳೇ ಜಮಖಾನಿ.
ಬಿಗದು ಕಟ್ಟಿದ್ರ ಹರಕೊಂಡು ಹೋಗತಾವ.
ಸಡ್ಲ ಬಿಟ್ಟೀನಿ, ಕೆಳಗಿನ ಅಂಚು
ನೆಲಕ್ಕ ತಾಗಿ ತಾಗದಂಗ.
ಬಡದ ಕೂಡಲೇ ಅದು ಹಿಂದ ಸರೀತೈತಿ,
ಬಾಣ ನಾಚಿ ಬುಡಕ್ಕ ಬೀಳತೈತಿ.
ಇದನ್ನ ಯಾರೂ ಹೇಳಿಕೊಟ್ಟಿಲ್ಲ.
ಅಷ್ಟು ಈ ಕೈಗೆ ಗೊತ್ತಿತ್ತು.

ದಿನಾ ಸಂಜಿಕ
ಹನ್ನೆರಡು ಹೆಜ್ಜಿ ಎಣಿಸಿ ನಿಂತು
ನಗೀನಾ ಹೆದಿ ಎಳದು ಬಿಡತಾಳ.
ಪಡಸಾಲ್ಯಾಗ ಮಗ್ಗಲಾಗಿದ್ದ ನಮ್ಮವ್ವ
ಕಣ್ಣು ತೆರೀದನ ಕೇಳತಾಳ:
'ಯಾರ ಮನೀದೋ ಗಾದಿ?'
'ಪಟ್ಟೇಗಾರ ಓಣೀದು' ಅಂತೀನಿ.
'ಹಸನ ಹಿಂಜು. ಗಂಟು ಉಳಿಬಾರದು.'
ಹೂಂ ಅಂತೀನಿ.
ಹಿತ್ತಲದಾಗ ಇನ್ನೊಂದು,
ಧಪ್.