ಸಾಣೆ ಹಿಡಿಯುವವನ ಲೆಕ್ಕ

ಜಿಯಾರತ್ತಿಗೆ ಹೋದವರೆಲ್ಲ ಅಲೀಪುರಕ್ಕೆ ತರುವುದು
ಕರ್ಬಲಾದ ಮಣ್ಣು, ಮಷ್‌ಹದ್‌ನ ಕೇಸರಿ, ಒಂದು ಜಪಮಣಿ.
ಖುಮ್‌ನಲ್ಲಿ ಓದುವ ತಂಗಿಮಗಳು ಮಾಸೂಮಾ
ನನಗೆ ತಂದದ್ದು ಒಂದು ಸಂಖ್ಯೆ:
"ನೂರ ಹನ್ನೊಂದು, ಮಾಮೂ. ಎಣಿಸಿಕೊಂಡೇ ಹತ್ತಿದೆ."

ಕರೆಂಟು ಹೋಗಿತ್ತು. ಸಾಣೆಚಕ್ರ
ಇನ್ನೂ ಸುಮ್ಮನಾಗದೆ ಗುಂಯ್‌ಗುಡುತ್ತಿತ್ತು.
ಒದ್ದೆ ಬೆರಳು ಲುಂಗಿಗೆ ಒರೆಸಿ
ಅವಳ ಫೋನು ಹಿಡಿದೆ.

ತಖ್ತ್-ಎ-ಜಮ್‌ಶೀದ್.
ಗೌರಿಬಿದನೂರಿನ ಬಂಡೆಗಳನ್ನು ಯಾರೋ
ಸಾಲಾಗಿ ನಿಲ್ಲಿಸಿ ಆಮೇಲೆ ಮರೆತಂತೆ
ಕಂಬಗಳು. ಮೇಲೆ ಹೊರಲು ಏನೂ ಇಲ್ಲ.
ಮೆಟ್ಟಿಲು ಮಾತ್ರ ಬಲು ತಗ್ಗು.
"ದೊಡ್ಡವರು ಹರಟುತ್ತ ಹತ್ತಲಿ ಅಂತಂತೆ."
ನನ್ನ ಮಂಡಿಗೂ ಆಗುತ್ತೆ, ಅಂದೆ. ನಕ್ಕಳು.

ಗೋಡೆಯ ಮೇಲೆ ಕಾಣಿಕೆ ಹೊತ್ತವರ ಸಾಲು.
ಬೆರಳಿಂದ ಹಿಗ್ಗಿಸಿದಳು: "ಇವರು ನಮ್ಮ ಕಡೆಯವರಂತೆ."
ಬರಿಗಾಲು, ಮೊಣಕಾಲಿನ ಪಂಚೆ,
ಹೆಗಲ ಮೇಲೆ ಅಡ್ಡೆ, ಎರಡು ಬುಟ್ಟಿ,
ಹಿಂದೊಂದು ಕತ್ತೆ.
ಬುಟ್ಟಿಯಲ್ಲಿ ಚಿನ್ನದ ಪುಡಿಯಂತೆ. ಇರಲಿ.
ನಾನು ನೋಡಿದ್ದು ಅಡ್ಡೆಯ ಕೋಲು:
ಭಾರಕ್ಕೆ ಬಾಗಿಲ್ಲ.
ಕೆತ್ತಿದವನು ಎಂದೂ ಅಡ್ಡೆ ಹೊತ್ತವನಲ್ಲ,
ಅಥವಾ
ಹೊತ್ತವನೇ, ಹೇಳಲು ಬಿಟ್ಟಿರಲಿಲ್ಲ.

ಆಮೇಲೆ ಒಂದು ಕರಿಕಲ್ಲು, ಬಾಗಿಲ ಚೌಕಟ್ಟು.
ಮಾಸೂಮಾ ಅದರೊಳಗೆ ನಿಂತಿದ್ದಾಳೆ ಮಸುಕಾಗಿ,
ಕೈಯಲ್ಲಿ ಫೋನು, ತಲೆಯ ಮೇಲೆ ಚಾದರ.
ಎರಡೂವರೆ ಸಾವಿರ ವರ್ಷದ ಹೊಳಪು!
ನಾನು ಮೂವತ್ತೊಂದು ವರ್ಷ ಕಲ್ಲು ತೀಡಿದವನು,
ಹುರುಳಿಕಾಳಿನಷ್ಟು, ಹೆಚ್ಚೆಂದರೆ ಅವರೆಯಷ್ಟು.
ಉಂಗುರದಲ್ಲಿ ಹೋಗಿ ಕೂತ ಮೇಲೆ ಒಂದೂ ಮತ್ತೆ ಕಂಡಿಲ್ಲ.
ಇಷ್ಟು ದೊಡ್ಡ ಕಲ್ಲಿಗೆ ಎಷ್ಟು ಜನರ
ಬೆರಳಗೆರೆ ಸವೆದಿರಬೇಕು?
ನನ್ನ ಹೆಬ್ಬೆರಳನ್ನು ಆಧಾರ್ ಯಂತ್ರ
ಮೂರು ಸಲ ಒಲ್ಲೆ ಅಂದಿದೆ.

"ರಾಜನ ಹೆಸರು ಕೇಳಲ್ವಾ ಮಾಮೂ?"
ಕೂಲಿ ಎಷ್ಟಂತೆ, ಅಂದೆ.

ಅದಕ್ಕೂ ಲೆಕ್ಕ ಸಿಕ್ಕಿದೆಯಂತೆ, ಮಣ್ಣಿನ ಬಿಲ್ಲೆಗಳಲ್ಲಿ:
ಇಷ್ಟು ಸೇರು ಬಾರ್ಲಿ, ಇಷ್ಟು ಜನಕ್ಕೆ.
ಹೆತ್ತ ಹೆಂಗಸಿಗೆ ಒಂದಿಷ್ಟು ಹೆಚ್ಚು,
ಹುಟ್ಟಿದ್ದು ಗಂಡಾದರೆ ಅದರ ಎರಡರಷ್ಟು.
"ಆಗಲೂ ಇದೇನಾ" ಅಂದಳು, ಸಿಟ್ಟಲ್ಲೇ.
ನಮ್ಮ ಸೇಠು ಲೆಕ್ಕ ಬರೆಯುವುದು ಕ್ಯಾಲೆಂಡರಿನ ಹಿಂಬದಿಗೆ,
ವರ್ಷ ತಿರುಗಿದರೆ ಅದು ಒಲೆಗೆ.
ಮಣ್ಣಾಗಿದ್ದರೆ ಬೆಂಕಿಯಲ್ಲಿ ಗಟ್ಟಿಯಾದರೂ ಆಗುತ್ತಿತ್ತು.

ಕೊನೆಯ ಚಿತ್ರ, ಮುಗಿಯದ ಬಾಗಿಲು.
ಅರ್ಧ ನುಣುಪು, ಅರ್ಧ ಒರಟು,
ಉಳಿಯ ಗೀರು ನಿನ್ನೆ ಹಾಕಿದಂತೆ.
ಯಾಕೆ ಬಿಟ್ಟರು?
"ಯುದ್ಧ ಬಂತು ಅಂತಾರೆ."
ಅವನು ಉಳಿ ಎತ್ತಿಕೊಂಡು ಹೋದನಾ?
ಬಾಕಿ ಕೇಳಿದನಾ, ಯಾರನ್ನು?

ಮಾಸೂಮಾಗೆ ಗೊತ್ತಿಲ್ಲ. ಕರೆಂಟು ಬಂತು.
ಚಕ್ರ ಎದ್ದಿತು. ಅರಗಿನ ಕಡ್ಡಿಯ ತುದಿಯಲ್ಲಿ
ಅರ್ಧ ತೀಡಿದ ಗೋಮೇಧಿಕ.
ಅವಳು ಚಪ್ಪಲಿ ಮೆಟ್ಟಿ ಹೊರಟಳು.
ನಮ್ಮವು ಮೂರೇ ಮೆಟ್ಟಿಲು, ಆದರೆ ಎತ್ತರ,
ಹುಷಾರು, ಅಂದೆ.